ಆರನೇ ಪಾತಿಯ ಹದಿನೇಳು

ದ್ವಿಭಾಷಿ ಸುಹರ್ಯಾ ಕಡಿಯಬೇಕಾದ ಮರಗಳ ಪಟ್ಟಿ ಓದುತ್ತಿದ್ದ. ಅರ್ಸಾದ್ ಕೈಕಟ್ಟಿಕೊಂಡು, ತಲೆ ತಗ್ಗಿಸಿ ಕೇಳುತ್ತಿದ್ದ. ತಲೆ ತಗ್ಗಿಸಿದ್ದು ಭಕ್ತಿಗೇನಲ್ಲ. ಜಪಾನಿನವರು ಬಂದು ಮೂರು ವರ್ಷವಾಗಿತ್ತು. ಎತ್ತಿದ ತಲೆಗೆ ಏನಾಗುತ್ತದೆ ಎಂಬುದನ್ನು ಊರಿನವರೆಲ್ಲ ಕಣ್ಣಾರೆ ಕಂಡಿದ್ದರು.

"ಒಂದನೇ ಪಾತಿ, ನಾಲ್ಕು, ಒಂಬತ್ತು, ಇಪ್ಪತ್ತೆರಡು," ಸುಹರ್ಯಾ ಓದಿದ. "ಮೂರನೇ ಪಾತಿ, ಆರು, ಏಳು. ಆರನೇ ಪಾತಿ, ಹದಿನೇಳು."

ಮುಂದಿನ ನಂಬರುಗಳು ಅರ್ಸಾದನ ಕಿವಿಗೆ ಬಿದ್ದವೋ ಇಲ್ಲವೋ.

ಮೇಜಿನ ಆಚೆ ಇನಾಗಾಕಿ ಕೂತಿದ್ದ. ಸೈನ್ಯಕ್ಕೆ ಸೌದೆ, ಇದ್ದಿಲು ಒದಗಿಸುವ ಅಧಿಕಾರಿ. ಕೂಗಾಡುವವನಲ್ಲ. ಕೂಗಾಡುವವರ ಹತ್ತಿರ ಹೇಗೋ ಏಗಬಹುದು. ಈ ಮನುಷ್ಯ ಚಾಕುವಿನಲ್ಲಿ ಪೆನ್ಸಿಲು ಹೆರೆಯುತ್ತ ಮೆಲ್ಲಗೆ ಮಾತಾಡುತ್ತಿದ್ದ, ಅದಕ್ಕೇ ಎಲ್ಲರಿಗೂ ಹೆದರಿಕೆ. ಅವನ ಮುಂದೆ ತೋಟದ ದೊಡ್ಡ ಪುಸ್ತಕ ತೆರೆದಿತ್ತು.

"ಹದಿನೇಳನೇದು ಕೊಸಾಂಬಿ ಮರ ಅಂತ ಪುಸ್ತಕದಲ್ಲಿದೆ," ಎಂದ ಸುಹರ್ಯಾ. "ಇದ್ದಿಲಿಗೆ ಕೊಸಾಂಬಿ ಬಿಟ್ರೆ ಇಲ್ಲ, ತುವಾನ್ ಸಾಹೇಬರಿಗೆ ತುಂಬಾ ಖುಷಿಯಾಗಿದೆ. ಇವತ್ತು ನೀವು ಮರಗಳಿಗೆಲ್ಲ ಕೆಂಪು ಬಟ್ಟೆ ಕಟ್ಟಿ. ನಾಳೆ ಕಡಿಯೋದು. ಏನಾದ್ರೂ ಹೇಳೋದಿದೆಯಾ?"

ಹೇಳುವುದಿತ್ತು. ಆರನೇ ಪಾತಿಯ ಹದಿನೇಳರಲ್ಲಿ ಕೊಸಾಂಬಿ ಮರವೇ ಇರಲಿಲ್ಲ. ಅದು ಬಿರುಗಾಳಿಗೆ ಬಿದ್ದು ಮೂವತ್ತು ವರ್ಷ ದಾಟಿತ್ತು. ಈಗ ಅಲ್ಲಿ ನಿಂತಿದ್ದದ್ದು ರೆಂಗಸ್.

"ಏನಿಲ್ಲ," ಎಂದ ಅರ್ಸಾದ್.

ಇದು ಹೀಗೆ ಹೇಗಾಯಿತು ಎನ್ನುವುದಕ್ಕೆ ತೋಟದ ಹಳೆಯ ಕಥೆಯನ್ನು ಸ್ವಲ್ಪ ಕೆದಕಲೇಬೇಕು. ಚಿಲೇಂಗ ಹೊಳೆಯ ದಂಡೆಯ ಆ ದೊಡ್ಡ ತೋಟವನ್ನು ನೂರು ವರ್ಷದ ಹಿಂದೆ ಒಬ್ಬ ಬಿಳಿ ಪಂಡಿತ ಮಾಡಿದ ಅಂತ ಹೆಬ್ಬಾಗಿಲ ಕಲ್ಲಿನಲ್ಲಿ ಕೆತ್ತಿದ್ದಾರೆ. ಕೆತ್ತಲಿ, ಕಲ್ಲು ಅವರದ್ದು. ಆದರೆ ಹೊಳೆಯಿಂದ ಗುಂಡುಕಲ್ಲು ಬೆನ್ನಮೇಲೆ ಹೊತ್ತು ದಾರಿಗಳನ್ನು ಹಾಸಿದವರು, ಜೌಗಿನಲ್ಲಿ ಮೊಣಕಾಲುದ್ದ ಇಳಿದು ಕೊಳ ತೋಡಿದವರು, ಚಳಿಜ್ವರದಲ್ಲಿ ಸತ್ತು ಆ ಕೊಳದ ಏರಿಯ ಹಿಂದೆಯೇ ಮಣ್ಣಾದವರು ನಮ್ಮ ಕೇರಿಯವರು. ಊರಿನವರು ಭಾನುವಾರ ಮಕ್ಕಳನ್ನು ಕಟ್ಟಿಕೊಂಡು ಬಂದು ದೊಡ್ಡ ತಾವರೆಯೆಲೆ ನೋಡಿ ಹೋಗುತ್ತಿದ್ದರಲ್ಲ, ಅವರು ನಿಂತು ನೋಡುತ್ತಿದ್ದದ್ದು ಯಾರ ತಲೆಯ ಮೇಲೆ ಅಂತ ಅವರಿಗೇನು ಗೊತ್ತು.

ತೋಟವನ್ನು ಪಾತಿಗಳಾಗಿ ಹಂಚಿ, ಪಾತಿಯ ಪ್ರತಿ ಜಾಗಕ್ಕೂ ಒಂದು ನಂಬರು ಕೊಟ್ಟಿದ್ದರು. ನಂಬರು ಜಾಗದ್ದು, ಮರದ್ದಲ್ಲ. ಮರ ಸತ್ತರೆ ಅಲ್ಲಿ ಹೊಸದಾಗಿ ನೆಟ್ಟದ್ದಕ್ಕೂ ಅದೇ ನಂಬರು. ಪಾತಿಗಳನ್ನು ನೋಡಿಕೊಳ್ಳುವವನಿಗೆ ಮಂತ್ರಿ ಎನ್ನುತ್ತಿದ್ದರು. ಹೆಸರು ದೊಡ್ಡದು, ಮಂತ್ರಿಯ ಕಾಲಿಗೆ ಮೆಟ್ಟೂ ಇರುತ್ತಿರಲಿಲ್ಲ. ವರ್ಷಕ್ಕೊಮ್ಮೆ ಮಳೆ ನಿಂತ ತಿಂಗಳಲ್ಲಿ ಬಿಳಿ ಪಂಡಿತ ಪುಸ್ತಕ ಹಿಡಿದು ದಾರಿಯ ತಿರುವಿನಲ್ಲಿ ಮಡಚುವ ಕುರ್ಚಿಯಲ್ಲಿ ಕೂರುವುದು, ಮಂತ್ರಿ ಪಾತಿಯೊಳಗೆ ನಡೆದು ಒಂದೊಂದು ನಂಬರಿನ ಮುಂದೆ ನಿಂತು ಕೂಗುವುದು. ಹಳೆಯ ಮರವೇ ಇದ್ದರೆ "ಇದ್ದ ಹಾಗೇ ಇದೆ, ತುವಾನ್" ಎಂದರೆ ಸಾಕು. ಹೊಸದಾಗಿದ್ದರೆ ಮರದ ಹೆಸರನ್ನು ಗಟ್ಟಿಯಾಗಿ ಕೂಗಬೇಕು.

ರೆಂಗಸ್ ಮರದ ಹೆಸರನ್ನು ಗಟ್ಟಿಯಾಗಿ ಕೂಗುವುದು ನಮ್ಮಲ್ಲಿ ಆಗದ ಮಾತು. ನೋಡಲು ಚೆಂದದ ಮರ, ಗೇರಿನ ಬಳಗದ್ದು. ತೊಗಟೆ ಗೀರಿದರೆ ಹಾಲು ಬರುತ್ತದೆ, ಬಂದ ಹಾಲು ಗಾಳಿಗೆ ಕರ್ರಗಾಗುತ್ತದೆ. ಅದು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ, ಮುಖ ಊದಿ ಕಣ್ಣು ಮುಚ್ಚಿಹೋಗುತ್ತದೆ. ಕೆಲವರಿಗೆ ಮಳೆಯಲ್ಲಿ ಅದರಡಿ ನಿಂತರೂ ಸಾಕು. ಹೆಸರು ಹೇಳಿದರೆ ಅದು ಕೇಳಿಸಿಕೊಳ್ಳುತ್ತದೆ, ಹೇಳಿದವನ ಮನೆಯ ದಾರಿ ಹಿಡಿಯುತ್ತದೆ ಎಂದು ನಮ್ಮವರು ಅದರ ಸುದ್ದಿಗೇ ಹೋಗುವುದಿಲ್ಲ. ಬಿರುಗಾಳಿಗೆ ಬಿದ್ದ ಕೊಸಾಂಬಿಯ ಮೋಟಿನ ಪಕ್ಕದಲ್ಲಿ ಅದರ ಸಸಿ ತಾನಾಗಿ ಎದ್ದಾಗ ಆಗಿನ ಮಂತ್ರಿ ಅಬಾ ಜಾಯಾ ನೋಡಿದ. ಕೀಳಬೇಕಾದರೆ ಮುಟ್ಟಬೇಕು. ತಿಳಿಸಬೇಕಾದರೆ ಕೂಗಬೇಕು. ಎರಡೂ ಬೇಡವೆಂದು ಮುದುಕ ಆ ವರ್ಷ ಹದಿನೇಳರ ಹತ್ತಿರ ಬಂದಾಗ "ಇದ್ದ ಹಾಗೇ ಇದೆ, ತುವಾನ್" ಅಂದುಬಿಟ್ಟ. ಆರನೇ ಪಾತಿ ಹೊಳೆಯ ಇಳಿಜಾರಿನಲ್ಲಿ, ಜಿಗಣೆಗಳ ಜಾಗ. ಪಂಡಿತ ಎದ್ದು ಬಂದು ನೋಡುವ ಕಷ್ಟ ತೆಗೆದುಕೊಳ್ಳಲಿಲ್ಲ.

ಪಂಡಿತರು ನಾಲ್ಕು ಜನ ಬದಲಾದರು. ಸಸಿ ಮರವಾಯಿತು, ಮರ ಇಬ್ಬರು ತಬ್ಬುವಷ್ಟು ದಪ್ಪವಾಯಿತು. ಕೆಲಸ ಬಿಟ್ಟುಕೊಡುವ ದಿನ ಅಬಾ ಜಾಯಾ ಅರ್ಸಾದನನ್ನು ಅಲ್ಲಿಗೆ ಕರೆದುಕೊಂಡು ಹೋಗಿ, "ಇಲ್ಲಿಗೆ ಬಂದಾಗ ಮೇಲೆ ನೋಡಬೇಡ. ಇದ್ದ ಹಾಗೇ ಇದೆ ಅನ್ನು, ಮುಂದಕ್ಕೆ ನಡಿ," ಎಂದಿದ್ದ. ಅರ್ಸಾದ್ ಹನ್ನೊಂದು ವರ್ಷ ಹಾಗೆಯೇ ಮಾಡಿದ. ಯಾರಿಗೂ ಏನೂ ಆಗಲಿಲ್ಲ.

ಈಗ ಹೇಳಬಹುದಿತ್ತಲ್ಲ ಅಂತ ನೀವು ಕೇಳುತ್ತೀರಿ. ಇನಾಗಾಕಿ ಬಂದ ಮೊದಲ ವಾರವೇ ಮಂತ್ರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ, ಪುಸ್ತಕ ಸರಿ ಇದೆಯೋ ಎಂದು ಕೇಳಿದ್ದ. ಒಂಬತ್ತನೇ ಪಾತಿಯ ವಿರ್ಯಾ ಪ್ರಾಮಾಣಿಕ ಮನುಷ್ಯ, ಪುಸ್ತಕದಲ್ಲಿರುವ ಎರಡು ತೇಗ ಈಗ ಇಲ್ಲ ಎಂದ. ಎಲ್ಲಿ ಹೋದವು, ಯಾರಿಗೆ ಕೊಟ್ಟೆ, ಯಾರಿಗೋಸ್ಕರ ಬಚ್ಚಿಟ್ಟೆ ಎಂದು ಇನಾಗಾಕಿ ಮೆಲ್ಲಗೆ ಕೇಳಿದ. ಮಧ್ಯಾಹ್ನ ಲಾರಿ ಬಂತು. ಎರಡು ವಾರದ ಮೇಲೆ ವಿರ್ಯಾನ ಹೆಂಡತಿಯನ್ನು ಕರೆಸಿ, ಅವನ ಲುಂಗಿಯನ್ನು ನೀಟಾಗಿ ಮಡಿಸಿ ಕೈಗೆ ಕೊಟ್ಟರು. ಉಳಿದ ಮಂತ್ರಿಗಳು ಪುಸ್ತಕ ಅಕ್ಷರ ಅಕ್ಷರ ಸರಿ ಎಂದು ಹೆಬ್ಬೆಟ್ಟು ಒತ್ತಿದರು. ಆ ಕಾಗದದಲ್ಲಿ ಅರ್ಸಾದನ ಹೆಬ್ಬೆಟ್ಟು ಮೂರನೆಯದು.

ಕಚೇರಿಯಿಂದ ಹೊರಗೆ ಬಂದರೆ ಕಡಿಯುವ ಆಳುಗಳು ಮೆಟ್ಟಿಲ ಮೇಲೆ ಕೂತಿದ್ದರು. ಮರ ಕಡಿದು ಗೊತ್ತಿದ್ದವನು ಒಬ್ಬನೂ ಇಲ್ಲ. ಪೇಟೆಯಲ್ಲಿ ಸಿಕ್ಕವರನ್ನು ಹಿಡಿದು ತಂದಿದ್ದರು, ತೋಫು ಮಾಡುವವ, ಹಜಾಮ, ಮಸೀದಿಯ ನಗಾರಿ ಹೊಡೆಯುವವ. ಎಲ್ಲರ ಮೈಮೇಲೂ ಗೋಣಿಯ ಚಡ್ಡಿ. ಅವರ ನಡುವೆ ಅರ್ಸಾದನ ಹೆಂಡತಿ ಓಯೋಳ ತಮ್ಮ ಎಂಕೋಸ್ ಹಲ್ಲು ಕಿರಿಯುತ್ತ ಕೂತಿದ್ದ. ಕುದುರೆಗಾಡಿ ಹೊಡೆಯುತ್ತಿದ್ದವನು. ಕುದುರೆಯನ್ನು ಸೈನ್ಯ ಒಯ್ದ ಮೇಲೆ ಗಾಡಿಯನ್ನು ತಾನೇ ಎಳೆಯುತ್ತಿದ್ದ.

"ಏನು ಭಾವ, ಮುಖ ಹಳಸಿದ ಗೆಣಸಿನ ಹಾಗಿದೆ," ಎಂದ ಎಂಕೋಸ್. "ನನಗೆ ಆರನೇ ಪಾತಿಯಂತೆ. ಒಂದೇ ಮರವಂತೆ. ಅಲ್ಲಾಹು ದೊಡ್ಡವನು, ಕುದುರೆ ಕಿತ್ಕೊಂಡು ಸುಲಭದ ಕೆಲಸ ಕೊಟ್ಟ."

ಓಯೋಳಿಗೆ ಇದ್ದವನು ಈ ತಮ್ಮನೊಬ್ಬನೇ. ತಾಯಿ ಸತ್ತಾಗ ಅವನಿನ್ನೂ ತೆವಳುತ್ತಿದ್ದ, ಅವಳೇ ಎತ್ತಿ ಸಾಕಿದ್ದು. ಮಕ್ಕಳಿಲ್ಲದ ಆ ಮನೆಗೆ ಅವನೇ ಮಗ. ಅವನ ಮುಖಕ್ಕೆ ಏನಾದರೂ ಆದರೆ ಅರ್ಸಾದ್ ಮನೆಯ ಹೊಸ್ತಿಲು ದಾಟುವುದು ಹೇಗೆ?

ಅವನು ತಿರುಗಿ ಒಳಗೆ ಹೋದ. ಇನಾಗಾಕಿ ಎದ್ದು ಹೋಗಿದ್ದ, ಸುಹರ್ಯಾ ಒಬ್ಬನೇ ಕಾಗದ ಜೋಡಿಸುತ್ತಿದ್ದ.

"ಮೇಷ್ಟ್ರೇ, ನಮ್ಮ ಎಂಕೋಸ್ ಮರ ಹತ್ತೋದ್ರಲ್ಲಿ ಗಟ್ಟಿಗ. ಒಂದನೇ ಪಾತೀಲಿ ತಾಳೆ ಮರಗಳಿವೆ. ಅವನನ್ನ ಅಲ್ಲಿಗೆ ಹಾಕಿದ್ರೆ ಕೆಲಸ ಬೇಗ ಆಗತ್ತೆ."

ಸುಹರ್ಯಾ ಕನ್ನಡಕದ ಮೇಲಿಂದ ನೋಡಿದ. ಅವನೂ ಹೆದರಿದವನೇ. ಶಾಲೆಯಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವನನ್ನು ಎಳೆದು ತಂದು ಇಲ್ಲಿ ಕೂರಿಸಿದ್ದರು. "ಹಾಕಬಹುದು. ಆದರೆ ಆರನೇ ಪಾತಿಗೆ ಆರು ಜನ ಅಂತ ತುವಾನ್ ಬರೆದಿದ್ದಾರೆ. ಅವನನ್ನ ತೆಗೆದ್ರೆ ಅಲ್ಲಿಗೆ ಯಾರು? ಹೆಸರು ನೀವೇ ಹೇಳಿ."

ಅರ್ಸಾದ್ ಬಾಗಿಲಿನಿಂದ ಮೆಟ್ಟಿಲ ಕಡೆ ನೋಡಿದ. ತುದಿಯಲ್ಲಿ, ಒಂದನೇ ಪಾತಿಗೆ ಹೆಸರು ಬಿದ್ದಿದ್ದ ಹಜಾಮ ಸೋಬರಿ ಕೂತು ಕಾಲಿನ ಉಗುರು ಕೆರೆಯುತ್ತಿದ್ದ. ಇಪ್ಪತ್ತು ವರ್ಷದಿಂದ ಅರ್ಸಾದನ ತಲೆ ಬೋಳಿಸುತ್ತಿದ್ದವನು, ಹಿಂದಿನ ಬೀದಿಯವನು.

"ಸೋಬರಿ," ಎಂದ.

ಅಷ್ಟೇ. ಒಬ್ಬ ಮನುಷ್ಯನನ್ನು ಎತ್ತಿ ಇನ್ನೊಂದು ಕಡೆ ಇಡಲು ಇಷ್ಟು ಸುಲಭವೇ ಅಂತ ಅವನಿಗೇ ಭಯವಾಯಿತು.

ಮಧ್ಯಾಹ್ನ ಅವನು ಕೆಂಪು ಬಟ್ಟೆಯ ತುಂಡುಗಳನ್ನು ಹಿಡಿದು ಹೊರಟ. ತಾವರೆಕೊಳದ ಸುತ್ತಲಿನ ಹುಲ್ಲುಹಾಸನ್ನೆಲ್ಲ ಅಗೆದು ಹರಳುಗಿಡ ಹಾಕಿಸಿದ್ದರು, ವಿಮಾನಕ್ಕೆ ಅದರ ಎಣ್ಣೆ ಬೇಕಂತೆ. ಒಂದು, ಮೂರನೇ ಪಾತಿಗಳನ್ನು ಮುಗಿಸಿ ಹೊಳೆಯ ಕಡೆ ಇಳಿದ. ಹದಿನೇಳರ ಹತ್ತಿರ ಬಂದಾಗ ಕಾಲು ತಾನಾಗಿ ನಿಂತಿತು. ಮರದ ಮೈಮೇಲೆ ಅಲ್ಲಲ್ಲಿ ಕಪ್ಪು ಗೆರೆ ಇಳಿದಿತ್ತು. ಅವನು ಉದ್ದನೆಯ ಬಿದಿರು ಗಳದ ತುದಿಗೆ ಬಟ್ಟೆ ಸಿಕ್ಕಿಸಿ, ದೂರದಿಂದ ಒಂದು ಟೊಂಗೆಗೆ ಇಳಿಬಿಟ್ಟ. "ದೊಡ್ಡವರೇ, ನಾನು ಬರೀ ಆಳು," ಎಂದು ತುಟಿಯೊಳಗೇ ಅಂದುಕೊಂಡು, ಹಿಂದೆ ನೋಡದೆ ಮೇಲೆ ಹತ್ತಿದ.

ಆ ಸಂಜೆ ಓಯೋ ಮರಗೆಣಸು ಬೇಯಿಸಿ ಮುಂದಿಟ್ಟಳು. ಅವನು ತುತ್ತು ಎತ್ತಲಿಲ್ಲ.

"ಎಂಕೋಸ್‌ಗೆ ಬೇರೆ ಪಾತಿ ಕೊಡಿಸಿದ್ರಂತೆ," ಎಂದಳು ಓಯೋ. "ಅವನೇ ಬಂದು ಹೇಳಿದ, ಭಾವ ನನ್ನನ್ನ ಕೋತಿ ಮಾಡಿದ್ರು ಅಂತ. ಯಾಕೆ, ಆರನೇ ಪಾತೀಲಿ ಏನಿದೆ?"

"ಇಳಿಜಾರು. ಜಾರ್ತಾನೆ."

"ಅವನು ಜಾರ್ತಾನಾ? ಹುಟ್ಟಿದಾಗಿಂದ ಹೊಳೇಲೇ ಬಿದ್ದಿದ್ದವನು." ಓಯೋ ಗಂಡನ ಮುಖವನ್ನೇ ನೋಡಿದಳು. "ನನ್ನ ಹತ್ರ ಏನೋ ಮುಚ್ಚಿಡ್ತಿದ್ದೀರಿ."

"ಏನೂ ಇಲ್ಲ, ಬಿಡು." ಮನೆಯೊಳಗೆ ಆ ಹೆಸರು ಹೇಳುವುದುಂಟೇ? ಅವನು ನೀರು ಕುಡಿದು ಎದ್ದ.

ಮರುದಿನ ಹೊತ್ತು ಏರುವಷ್ಟರಲ್ಲಿ ತೋಟದ ತುಂಬ ಕೊಡಲಿ ಸದ್ದು. ಅರ್ಸಾದ್ ಆರನೇ ಪಾತಿಯ ತಿರುವಿನಲ್ಲಿ, ಪಂಡಿತರು ಕುರ್ಚಿ ಹಾಕುತ್ತಿದ್ದಲ್ಲಿ ನಿಂತ. ಗಾಳಿ ತನ್ನ ಬೆನ್ನ ಕಡೆಯಿಂದ ಬೀಸುತ್ತಿದೆಯೇ ಎಂದು ಮೊದಲು ನೋಡಿಕೊಂಡ. ಅಲ್ಲಿಂದಲೇ ಕೂಗಿದ.

"ಮುಖಕ್ಕೆ ಬಟ್ಟೆ ಸುತ್ಕೊಳ್ಳಿ. ಕಂಬಳಿಹುಳ ಬಹಳ ಇದೆ."

"ಈ ಸೆಕೇಲಿ ಮುಸುಕು ಹಾಕ್ಕೊಂಡ್ರೆ ಹುಳ ಕಡಿಯೋಕೆ ಮುಂಚೆ ಉಸಿರು ಕಟ್ಟಿ ಸಾಯ್ತೀವಿ, ಮಂತ್ರಿಗಳೇ," ಎಂದ ಸೋಬರಿ. "ನೀವು ಯಾಕೆ ಅಷ್ಟು ದೂರ ನಿಂತಿದ್ದೀರಿ? ಹುಳಕ್ಕೆ ಮಂತ್ರಿ ಅಂದ್ರೆ ಭಯವಲ್ವಾ?" ಉಳಿದವರು ನಕ್ಕರು.

ಚಕ್ಕೆ ಹಾರಿದಾಗ ಒಳಗಿನ ಮರ ಕೆಂಪಗೆ, ರಕ್ತ ಮಾಂಸದ ಬಣ್ಣದ್ದು. "ಏನು ಚೆಂದ ನೋಡ್ರೋ, ಇದನ್ನ ಸುಡೋಕೆ ಕೊಡೋದಾ," ಎನ್ನುತ್ತ ಸೋಬರಿ ಕೈಗೆ ಅಂಟಿದ ಹಾಲನ್ನು ಹಣೆಯ ಬೆವರಿನ ಜೊತೆಗೇ ಒರೆಸಿಕೊಂಡ. ಒಂದು ಸಲ ಹಣೆ, ಒಂದು ಸಲ ಕತ್ತು. ಅರ್ಸಾದ್ ಎಣಿಸದಿರಲು ನೋಡಿದ, ಆಗಲಿಲ್ಲ. ಈಗ ಇಳಿದು ಹೋಗಿ ನಿಲ್ಲಿಸಿ ಅಂದರೆ? ಯಾಕೆ ಅಂತ ಕೇಳುತ್ತಾರೆ. ಪಕ್ಕದಲ್ಲಿ ಬಂದೂಕಿನವನು ಇದ್ದಾನೆ, ಅವನು ಸುಹರ್ಯಾನನ್ನು ಕರೆಸುತ್ತಾನೆ, ಸುಹರ್ಯಾ ಇನಾಗಾಕಿಗೆ ಹೇಳುತ್ತಾನೆ, ಇನಾಗಾಕಿ ಆ ಹೆಬ್ಬೆಟ್ಟಿನ ಕಾಗದ ತೆಗೆಯುತ್ತಾನೆ. ಎಲ್ಲವೂ ಅವನ ಕಣ್ಣ ಮುಂದೆ ಒಂದರ ಹಿಂದೆ ಒಂದು ನಡೆದುಹೋಯಿತು, ಕೊನೆಗೆ ಮಡಿಸಿದ ಲುಂಗಿ ಓಯೋಳ ಕೈಯಲ್ಲಿ. ಅವನು ಇಳಿಯಲಿಲ್ಲ.

ಮರ ಮಧ್ಯಾಹ್ನದ ಹೊತ್ತಿಗೆ ಬಿತ್ತು. ಬಿದ್ದಾಗ ಹೊಳೆಯಾಚೆಗಿನ ಬಾವಲಿಗಳೆಲ್ಲ ಎದ್ದು ಹಗಲಿನಲ್ಲೇ ಆಕಾಶ ಕಪ್ಪು ಮಾಡಿದವು.

ಅದರ ಮಾರನೆಯ ಬೆಳಿಗ್ಗೆ ಆರು ಜನರಲ್ಲಿ ಐವರು ಕೆಲಸಕ್ಕೆ ಬರಲಿಲ್ಲ. ಬಂದ ಒಬ್ಬನ ಕೈ ಎರಡೂ ಊದಿ, ಬೆರಳ ಸಂದಿಯಲ್ಲಿ ನೀರುಗುಳ್ಳೆ. ಇನಾಗಾಕಿ ಅರ್ಸಾದನನ್ನು ಕರೆಸಿದ. ಪೆನ್ಸಿಲು ಹೆರೆಯುತ್ತಲೇ ಏನೋ ಹೇಳಿದ.

"ಅವರಿಗೆ ಏನಾಗಿದೆ ಅಂತ ತುವಾನ್ ಕೇಳ್ತಿದ್ದಾರೆ," ಎಂದ ಸುಹರ್ಯಾ.

"ಕಂಬಳಿಹುಳ."

ಸುಹರ್ಯಾ ಅದನ್ನು ಹೇಳಿದ. ಇನಾಗಾಕಿ ತಲೆಯೆತ್ತಿ ಅರ್ಸಾದನನ್ನು ನೋಡಿದ, ಬಹಳ ಹೊತ್ತು. ಮತ್ತೆ ಕೇಳಿದ.

"ಮರ ಒಳ್ಳೇದಾ, ಪುಸ್ತಕದಲ್ಲಿ ಇರೋದೇ ತಾನೆ, ಅಂತ ಕೇಳ್ತಿದ್ದಾರೆ."

"ಪುಸ್ತಕದಲ್ಲಿ ಇರೋದೇ," ಎಂದ ಅರ್ಸಾದ್.

ಇನಾಗಾಕಿ ತಲೆಯಾಡಿಸಿ ಬರೆದುಕೊಂಡ. ಕಾಂಡವನ್ನು ಇದ್ದಿಲ ಗೂಡಿಗೆ ಸಾಗಿಸಬೇಕು, ಗೂಡಿಗೆ ಬೇಡದ ಸಣ್ಣ ಟೊಂಗೆಗಳನ್ನು ಕಡಿಯುವ ಆಳುಗಳು ಬೇಕಾದರೆ ಮನೆಗೆ ಒಯ್ಯಬಹುದು ಎಂದು ತನ್ನ ಭಾಷೆಯಲ್ಲೇ ಅಪ್ಪಣೆ ಕೊಟ್ಟ. ಆ ದಿನಗಳಲ್ಲಿ ಸೌದೆ ಸಿಗುವುದೆಂದರೆ ಹಬ್ಬ ಬಂದ ಹಾಗೆ. ಅಪ್ಪಣೆಯನ್ನು ಸುಹರ್ಯಾ ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಓದಿ ಹೇಳಿದ. ಅಷ್ಟರಲ್ಲಿ ಅರ್ಸಾದ್ ಹಿಂದಿನ ಬಾಗಿಲಿನಿಂದ ಹೊರಟುಹೋಗಿದ್ದ. ಯಾರ ಮುಖವನ್ನೂ ನೋಡುವ ಧೈರ್ಯ ಅವನಿಗಿರಲಿಲ್ಲ. ಬೆಳಿಗ್ಗೆಯಿಡೀ ಬಿತ್ತನೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು, ಜರಡಿ ಹಿಡಿದು, ಜರಡಿ ಆಡಿಸದೆ ಕೂತಿದ್ದ. ಹೊರಗೆ ಲಾರಿಯ ಸದ್ದಾದಾಗಲೆಲ್ಲ ಎದ್ದು ನಿಲ್ಲುತ್ತಿದ್ದ. ಲಾರಿ ದಾಟಿ ಹೋದಾಗ, ಸದ್ಯ ಎಂಕೋಸ್ ಪಾರಾದ, ನಾನೂ ಪಾರಾಗುತ್ತೇನೆ, ಬೊಬ್ಬೆ ಎರಡು ವಾರದಲ್ಲಿ ಒಣಗುತ್ತದೆ, ಸೋಬರಿಯೂ ಸುಧಾರಿಸುತ್ತಾನೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

ಮಧ್ಯಾಹ್ನ ಬಾಗಿಲು ಬಡಿದರು. ತೆರೆದರೆ ಎಂಕೋಸ್. ಓಡಿ ಬಂದು ಏದುಸಿರು ಬಿಡುತ್ತಿದ್ದ, ತೋಳುಗಳನ್ನು ಕೆರೆದುಕೊಳ್ಳುತ್ತಿದ್ದ.

"ಭಾವ, ಅಕ್ಕನಿಗೆ ಏನೋ ಆಗಿದೆ. ಉಸಿರು ಎಳೀತಾಳೆ, ಬಿಡೋಕೆ ಆಗ್ತಿಲ್ಲ."

"ಏನು ತಿಂದಳು?"

"ತಿನ್ನೋಕೆ ಏನಿದೆ? ಗೆಣಸು ಬೇಯಿಸ್ತಿದ್ದಳು. ಬೆಳಿಗ್ಗೆ ನಾನು ಒಂದು ಹೊರೆ ಸೌದೆ ತಂದುಕೊಟ್ಟೆ, ಆರನೇ ಪಾತಿಯದ್ದು, ಕೊಸಾಂಬಿ. ಹಸಿ ಇತ್ತು, ಹೊಗೆ ಜಾಸ್ತಿ ಆಯ್ತು, ಊದಿ ಊದಿ..."

ಅರ್ಸಾದ್ ಮುಂದಿನದನ್ನು ಕೇಳಲಿಲ್ಲ. ಹೆಬ್ಬಾಗಿಲಲ್ಲಿ ಕಾವಲಿನವನಿಗೆ ಬಗ್ಗಿ ನಮಸ್ಕಾರ ಮಾಡಿದ್ದು ಮಾತ್ರ ಅವನಿಗೆ ನೆನಪು. ಅಂಥ ಹೊತ್ತಿನಲ್ಲೂ ಅದನ್ನು ಮರೆಯಲಿಲ್ಲ ನೋಡಿ, ಮನುಷ್ಯನಿಗೆ ಹೆದರಿಕೆ ಎಷ್ಟು ಒಳಗೆ ಇಳಿದಿರುತ್ತದೆ. ಅಲ್ಲಿಂದ ಮನೆಯವರೆಗೆ ಓಡಿದ.

ಮನೆಯೊಳಗೆ ಹೊಗೆ ಇನ್ನೂ ಮಾಡಿನ ಕೆಳಗೆ ನಿಂತಿತ್ತು. ಓಯೋ ಚಾಪೆಯ ಮೇಲೆ ಮಲಗಿದ್ದಳು. ಅವಳ ಮುಖ ಅವಳದ್ದಾಗಿರಲಿಲ್ಲ. ರೆಪ್ಪೆಗಳು ಊದಿ ಕಣ್ಣು ಮುಚ್ಚಿಹೋಗಿದ್ದವು, ತುಟಿ ದಪ್ಪಗಾಗಿ ಬಿರಿದಿತ್ತು, ಗಂಟಲಿನಿಂದ ಉಸಿರು ಕೊಳವೆಯಲ್ಲಿ ಎಳೆದಂತೆ ಬರುತ್ತಿತ್ತು. ತಲೆಯ ಹತ್ತಿರ ಸೂಲಗಿತ್ತಿ ಮಾ ಎನೋಕ್ ಕೂತಿದ್ದಳು. ಕೇರಿಯಲ್ಲಿ ಹೆರಿಗೆಯಿಂದ ಹಲ್ಲುನೋವಿನವರೆಗೆ ಅವಳೇ ವೈದ್ಯೆ. ಬಾಣಲೆಯಲ್ಲಿ ತೆಂಗಿನೆಣ್ಣೆ ಬೆಚ್ಚಗಿತ್ತು. ಬಾಗಿಲ ಚೌಕಟ್ಟಿಗೆ ಒರಗಿ ಸೋಬರಿಯ ಹೆಂಡತಿ ಎಂತಿನ್ ನಿಂತಿದ್ದಳು.

"ಹೊಗೆ ಹೊಡೆದಿದೆ," ಎಂದಳು ಮಾ ಎನೋಕ್. "ಎಣ್ಣೆ ಹಾಕಿ ಚೆನ್ನಾಗಿ ಉಜ್ಜಿದ್ರೆ ಇಳಿಯತ್ತೆ. ಅರ್ಸಾದ್, ಅವಳ ಕೈ ಹಿಡ್ಕೋ."

"ನಮ್ಮವರಿಗೂ ಬೆಳಿಗ್ಗೆ ಹಾಗೇ ಉಜ್ಜಿದೆ, ಮಾ, ನೀವು ಹೇಳಿದ ಹಾಗೆ," ಎಂದಳು ಎಂತಿನ್. ಅವಳ ದನಿ ಸೋತುಹೋಗಿತ್ತು. "ಬೆಳಿಗ್ಗೆ ಮುಖ ಮಾತ್ರ ಇತ್ತು. ಈಗ ಎದೆ, ಬೆನ್ನು, ಎಲ್ಲ ಕಡೆ ಎದ್ದಿದೆ. ಬಾಯಿ ತೆರೆಯೋಕೆ ಆಗ್ತಿಲ್ಲ. ಇದು ಮುಗಿದ ಮೇಲೆ ಒಂದು ಸಲ ಬಂದು ನೋಡಿ."

"ಹುಳ ಕಡಿದದ್ದಕ್ಕೆ ಎಣ್ಣೆ ಬಿಟ್ಟು ಬೇರೆ ಏನು ಹಚ್ಚಲಿ, ತಾಯಿ?" ಮಾ ಎನೋಕ್ ಅಂಗೈಯಲ್ಲಿ ಎಣ್ಣೆ ಸುರಿದುಕೊಂಡಳು.

ಅರ್ಸಾದನಿಗೆ ಗೊತ್ತಿತ್ತು. ಅಬಾ ಜಾಯಾ ಹೇಳಿಕೊಟ್ಟಿದ್ದ. ಆ ಹಾಲು ತಾಗಿದ ಮೈಗೆ ಎಣ್ಣೆ ಹಾಕಿ ಉಜ್ಜಿದರೆ ಅದು ಇಡೀ ಮೈಗೆ ಹರಡುತ್ತದೆ. ಬೆರಳೂ ತಾಗಿಸದೆ ತಣ್ಣೀರು ಹುಯ್ಯಬೇಕು, ಹುಯ್ಯುತ್ತಲೇ ಇರಬೇಕು, ಗಾಳಿಗೆ ಒಯ್ಯಬೇಕು. ಎರಡು ಮಾತು. ಆದರೆ ಎಂತಿನ್ ಅಲ್ಲೇ ನಿಂತಿದ್ದಾಳೆ. ಎಂತಿನ್‌ಗೆ ಗೊತ್ತಾದರೆ ಬೀದಿಗೆ ಗೊತ್ತಾದ ಹಾಗೆ, ಬೀದಿಯಿಂದ ಹೆಬ್ಬಾಗಿಲು ನೂರು ಹೆಜ್ಜೆ. ಹೆಸರು ಹೇಳದೆ ಬರೀ ಎಣ್ಣೆ ಬೇಡ ಎನ್ನಬಹುದೇ? ಯಾಕೆ ಅಂತ ಮುದುಕಿ ಕೇಳುತ್ತಾಳೆ. ಓಯೋ ಇನ್ನೊಂದು ಉಸಿರು ಎಳೆದಳು, ಅದು ಅರ್ಧದಲ್ಲಿ ಸಿಕ್ಕಿಕೊಂಡಿತು. ಮಾ ಎನೋಕಳ ಎಣ್ಣೆಯ ಕೈ ಅವಳ ಕೆನ್ನೆಯ ಹತ್ತಿರ ಬಂತು.

"ಮುಟ್ಟಬೇಡಿ," ಎಂದ ಅರ್ಸಾದ್. "ಅದು ರೆಂಗಸ್."

ಮುದುಕಿ ಕೈ ಹಿಂದಕ್ಕೆ ಎಳೆದುಕೊಂಡು, ಎಣ್ಣೆಯನ್ನು ಸೀರೆಯಂತೆ ಸುತ್ತಿದ ತನ್ನ ಬಟ್ಟೆಗೆ ಒರೆಸಿದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. "ಚಾಪೆ ಸಮೇತ ಹೊರಗೆ ಎಳೀರಿ. ಒಲೆಗೆ ಮಣ್ಣು ಹಾಕಿ. ನೀರು ತನ್ನಿ. ಎಂಕೋಸ್, ನೀನು ಅಕ್ಕನ್ನ ಮುಟ್ಟಬೇಡ, ನಿನ್ನ ಕೈ ನೋಡ್ಕೋ."

ಎಂಕೋಸ್ ತನ್ನ ಕೈ ನೋಡಿಕೊಂಡ. ಮೊಣಕೈವರೆಗೆ ಕೆಂಪು ಗುಳ್ಳೆ ಏಳುತ್ತಿತ್ತು.

ಅರ್ಸಾದ್ ಮತ್ತು ಮುದುಕಿ ಸೇರಿ ಚಾಪೆಯನ್ನು ಜಗಲಿಗೆ ಎಳೆದರು. ಮಾ ಎನೋಕ್ ಕೊಡದಿಂದ ಚಿಪ್ಪಿನಲ್ಲಿ ಮೊಗೆದು ಮೊಗೆದು ಓಯೋಳ ಮುಖಕ್ಕೆ ನೀರು ಬಿಟ್ಟಳು. ಎಷ್ಟೋ ಹೊತ್ತಿನ ಮೇಲೆ ಓಯೋಳ ಗಂಟಲಿನ ಸದ್ದು ಒಂಚೂರು ಇಳಿಯಿತು. ಅಷ್ಟು ಹೊತ್ತೂ ಎಂತಿನ್ ಅಲ್ಲಾಡದೆ ನಿಂತಿದ್ದಳು.

"ಕೊಸಾಂಬಿ ಅಂದ್ರಲ್ಲ," ಎಂದಳು.

"ಪುಸ್ತಕದಲ್ಲಿ ಹಾಗಿತ್ತು," ಎಂದ ಅರ್ಸಾದ್.

"ಪುಸ್ತಕ ಬಿಡಿ. ನಿಮಗೆ ಯಾವಾಗ ಗೊತ್ತಾಯ್ತು?"

ಉತ್ತರ ಕೇಳಿದ್ದು ಎಂತಿನ್ ಮಾತ್ರವಲ್ಲ. ಚಾಪೆಯಿಂದ ಓಯೋಳ ದನಿ ಬಂತು, ಹರಿದ ಬಟ್ಟೆಯಂಥ ದನಿ.

"ಹೇಳಿ. ನಾನೂ ಕೇಳ್ಬೇಕು."

"ಹನ್ನೊಂದು ವರ್ಷದಿಂದ," ಎಂದ ಅರ್ಸಾದ್.

"ನಮ್ಮವರ ಹೆಸರು ಒಂದನೇ ಪಾತೀಲಿತ್ತಂತೆ. ಆರಕ್ಕೆ ಬರೆಸಿದ್ದು ಯಾರು?" ಎಂದಳು ಎಂತಿನ್. ಕೇಳುವಾಗಲೇ ಅವಳ ಕಣ್ಣು ಎಂಕೋಸ್‌ನ ಕಡೆ ಹೊರಳಿತು. ಅರ್ಸಾದ್ ಹೇಳುವ ಅಗತ್ಯವೇ ಬೀಳಲಿಲ್ಲ.

ಅವಳು ಶಪಿಸಬಹುದಿತ್ತು, ಕಿರುಚಬಹುದಿತ್ತು, ಉಗಿಯಬಹುದಿತ್ತು. ಏನೂ ಮಾಡಲಿಲ್ಲ. ಮಾ ಎನೋಕಳ ಪಕ್ಕದಲ್ಲಿದ್ದ ಕೊಡವನ್ನು ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. ಅದರಲ್ಲಿ ಅರ್ಧ ನೀರು ಇನ್ನೂ ಇತ್ತು, ಆ ಮನೆಯಲ್ಲಿ ಇದ್ದದ್ದು ಅದೊಂದೇ ಕೊಡ. ಯಾರೂ ಬೇಡವೆನ್ನಲಿಲ್ಲ. ಅವಳು ಮೆಟ್ಟಿಲಿಳಿದು ಬೀದಿಗೆ ನಡೆದಳು.

ಅರ್ಸಾದ್ ಜಗಲಿಯ ಕಂಬ ಹಿಡಿದು ನೋಡುತ್ತ ನಿಂತ. ಬೀದಿಯ ತುದಿಯಲ್ಲಿ ಎಡಕ್ಕೆ ಹೋದರೆ ತೋಟದ ಹೆಬ್ಬಾಗಿಲು, ಬಲಕ್ಕೆ ಹೋದರೆ ಸೋಬರಿಯ ಮನೆ. ಎಂತಿನ್ ತುದಿಗೆ ಬಂದಳು, ಕೊಡವನ್ನು ಸರಿಮಾಡಿಕೊಂಡಳು. ಅವಳು ಬಲಕ್ಕೆ ತಿರುಗಿ ಓಡತೊಡಗಿದಳು. ಅವನು ಉಸಿರು ಬಿಟ್ಟ, ಬೇಕೆಂದು ಬಿಟ್ಟದ್ದಲ್ಲ, ತಾನಾಗಿ ಹೊರಗೆ ಬಂತು.

"ಮನೆಗೇ ಹೋದಳಾ?" ಓಯೋ ಕಣ್ಣು ಮುಚ್ಚಿಯೇ ಕೇಳಿದಳು.

"ಹೂಂ."

"ಸಮಾಧಾನ ಆಯ್ತಲ್ಲ ನಿಮಗೆ," ಎಂದಳು.

ಅವನು ಅವಳ ಹತ್ತಿರ ಕೂರಲು ಬಗ್ಗಿದ. ಓಯೋ ಊದಿದ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು, ನೀರು ತರಲು ಅವನನ್ನು ಬಿಟ್ಟು ಬೇರೆ ಯಾರನ್ನಾದರೂ ಕಳಿಸುವಂತೆ ಮಾ ಎನೋಕಳಿಗೆ ಹೇಳಿದಳು.